ಸಂತ ಜೋಸೆಫ್ ವಾಜರ ಚರಿತ್ರೆಯೂ ನಮ್ಮ ತಪಸ್ಸುಕಾಲದ ದಾನವೂ

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಅಡಿಕೆಯ ಕೊಯ್ಲು ಮುಗಿದು, ಕಾಫಿಯು ಕಣದಲ್ಲಿ ಒಣಗಿ ಮೂಟೆಗಳನ್ನು ಸೇರಿ, ಕರಿಮೆಣಸಿನ ಬಳ್ಳಿಗಳಿಗೆ ಏಣಿ ಇಡುವ ಹೊತ್ತಿಗೆ ವಿಭೂತಿ ಬುಧವಾರವು ಬರುವುದು. ಹೊಳೆಗಳು ಆಗ ಸಣ್ಣಗಾಗಿರುವುವು. ಕಾಫಿಯ ಗಿಡಗಳು ಹೂಮಳೆಯನ್ನು ಎದುರುನೋಡುತ್ತ ನಿಂತಿರುವುವು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ಈ ಮೂರು ತಾಲೂಕುಗಳಲ್ಲಿ ಕ್ರೈಸ್ತ ಕುಟುಂಬಗಳು ಒಂದೇ ಬೀದಿಯಲ್ಲಿ ಒತ್ತಾಗಿ ನೆಲೆಸಿದವುಗಳಲ್ಲ. ತೋಟಕ್ಕೊಂದು, ಗುಡ್ಡಕ್ಕೊಂದು ಮನೆಯಾಗಿ ಚದುರಿರುವ ಆ ಕುಟುಂಬಗಳವರು ಗಂಟಲು ಒಣಗಿಸಿಕೊಂಡು ದೂರದ ಹಾದಿಯನ್ನು ಸವೆಸಿ ದೇವಾಲಯಕ್ಕೆ ಬಂದು, ಹಣೆಯಲ್ಲಿ ಬೂದಿಯನ್ನು ಧರಿಸಿ, ಮಣ್ಣಾದ ಮನುಷ್ಯನು ಮಣ್ಣಿಗೇ ಮರಳುವನೆಂಬ ಸತ್ಯವನ್ನು ನೆನೆದು ಮನೆಗೆ ಹಿಂದಿರುಗುವರು.

ಅಂದಿನಿಂದ ಪಾಸ್ಕ ಹಬ್ಬದ ಮುನ್ನಾದಿನದವರೆಗೆ, ಆರು ಭಾನುವಾರಗಳನ್ನು ಬಿಟ್ಟು ಎಣಿಸಿದರೆ, ಸರಿಯಾಗಿ 40 ದಿನಗಳು. ಈ ಕಾಲಕ್ಕೆ ತಿರುಸಭೆಯು ಮೂರು ಕರ್ತವ್ಯಗಳನ್ನು ವಿಧಿಸಿರುವುದು: ಜಪ, ಉಪವಾಸ, ದಾನ. ಜಪವೆಂದರೆ ಏನೆಂಬುದು ಮಕ್ಕಳಿಗೂ ಗೊತ್ತುಂಟು. ಶುಕ್ರವಾರಗಳಲ್ಲಿ ಶಿಲುಬೆಯ ಹಾದಿಯನ್ನು ನಡೆಸುವುದು ಎಲ್ಲರಿಗೂ ಅಭ್ಯಾಸ. ಉಪವಾಸವೆಂದರೂ ಏನೆಂಬುದು ಗೊತ್ತುಂಟು. ಮಾಂಸವನ್ನು ತ್ಯಜಿಸಿ ಗಂಜಿಯಿಂದ ತೃಪ್ತರಾಗುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಆದರೆ ದಾನದ ವಿಷಯದಲ್ಲಿ ಮಾತ್ರ ನಮ್ಮ ಮನಸ್ಸು ಸದಾ ಒಂದು ಲೆಕ್ಕದ ಪುಸ್ತಕವನ್ನು ತೆರೆಯುವುದು. ಎಷ್ಟು ಕೊಡಬೇಕು? ಯಾರಿಗೆ ಕೊಡಬೇಕು? ಕೊಟ್ಟದ್ದು ಯೋಗ್ಯನಿಗೇ ಮುಟ್ಟುವುದೇ? ಕೆಲವು ಮನೆಗಳಲ್ಲಿ ಅನ್ನಕ್ಕೆ ಅಕ್ಕಿಯನ್ನು ಅಳೆಯುವಾಗ ಒಂದು ಹಿಡಿಯನ್ನು ಬಡವರಿಗಾಗಿ ಬೇರೆಯ ಪಾತ್ರೆಯಲ್ಲಿ ತೆಗೆದಿಡುವರು. ಬೇರೆ ಕೆಲವರು ಊಟದಲ್ಲಿ ಉಳಿಸಿದ ಹಣವನ್ನು ದೇವಾಲಯದ ಹುಂಡಿಗೆ ಹಾಕುವರು. 1962ನೆಯ ಇಸವಿಯಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು ಕಾರಿತಾಸ್ ಇಂಡಿಯಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದ ತರುವಾಯ, ತಪಸ್ಸುಕಾಲದ ಕಾಣಿಕೆಯ ಒಂದು ಭಾಗವು ಹಸಿವು ರೋಗಗಳ ನಿವಾರಣೆಗಾಗಿ ದೇಶದ ನಾನಾ ಭಾಗಗಳಿಗೆ ಹೋಗುವ ಏರ್ಪಾಡೂ ಉಂಟಾಗಿರುವುದು. ಇವೆಲ್ಲವೂ ಒಳ್ಳೆಯವೇ. ಆದರೂ ಲೆಕ್ಕದ ಪುಸ್ತಕವು ಮುಚ್ಚುವುದಿಲ್ಲ.

ಈ ಪ್ರಶ್ನೆಗೆ ಉಪದೇಶದಿಂದ ಉತ್ತರ ಹೇಳುವುದಕ್ಕಿಂತ ಒಂದು ಜೀವನಚರಿತ್ರೆಯಿಂದ ಹೇಳುವುದು ಮೇಲೆಂದು ನಮಗೆ ತೋರಿತು. ಆದಕಾರಣ ನಮ್ಮ ಶಾಲೆಯಲ್ಲಿ ಓದಿ ಹೋದ ಸಹೋದರಿಯರ ಮುಂದೆಯೂ, ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿರುವ ತಾಯಿತಂದೆಗಳ ಮುಂದೆಯೂ ಸಂತ ಜೋಸೆಫ್ ವಾಜರ ಚರಿತ್ರೆಯನ್ನು ಸಂಕ್ಷೇಪವಾಗಿ ಇಡುತ್ತಿದ್ದೇವೆ. ಇವರು ದೂರದವರಲ್ಲ. ಮುನ್ನೂರು ವರ್ಷಗಳಿಗೂ ಹಿಂದೆ ಇವರು ಘಟ್ಟದ ಕೆಳಗಿನ ಕನ್ನಡ ಜಿಲ್ಲೆಯಲ್ಲಿ ಬರಿಗಾಲಿನಲ್ಲಿ ತಿರುಗಾಡಿದಾಗ, ಆ ಕರಾವಳಿಯೂ ನಮ್ಮ ಈ ಮಲೆಸೀಮೆಯೂ ಒಂದೇ ಪ್ರಭುತ್ವಕ್ಕೆ, ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ಅರಸು ಮನೆತನಕ್ಕೆ, ಒಳಪಟ್ಟಿದ್ದುವು. ಮುಂದೆ ಕಾಫಿ ಅಡಿಕೆಗಳ ಕೆಲಸಕ್ಕಾಗಿ ಘಟ್ಟವನ್ನು ಹತ್ತಿ ಬಂದು ಇಲ್ಲಿ ನೆಲೆಸಿದ ಕೊಂಕಣಿ ಮಾತಿನ ಕುಟುಂಬಗಳಲ್ಲಿ ಅನೇಕವು ಅದೇ ಕರಾವಳಿಯಿಂದ ಬಂದವುಗಳು.

ಜೋಸೆಫ್ ವಾಜರು 1651ನೆಯ ಇಸವಿ ಏಪ್ರಿಲ್ ತಿಂಗಳ 21ನೆಯ ತಾರೀಖಿನಲ್ಲಿ ಗೋವೆಯ ಬೆನಾಲಿಮ್ ಎಂಬ ಗ್ರಾಮದಲ್ಲಿ ಜನ್ಮವೆತ್ತಿದರು. ತಂದೆ ಕ್ರಿಸ್ತೊವಾಂವ್ ವಾಜರು ಸಾಂಕ್ವಾಳೆಯ ಪ್ರತಿಷ್ಠಿತ ಮನೆತನದವರು. ತಾಯಿ ಮರಿಯ ದ ಮಿರಾಂದ. ಆರು ಮಂದಿ ಮಕ್ಕಳಲ್ಲಿ ಇವರು ಮೂರನೆಯವರು. ಬಾಲ್ಯದಲ್ಲಿ ಸಾಂಕ್ವಾಳೆಯಲ್ಲಿ ಪೋರ್ತುಗೀಸ್ ಭಾಷೆಯನ್ನೂ ಬೆನಾಲಿಮಿನಲ್ಲಿ ಲತೀನನ್ನೂ ಕಲಿತು, ತರುವಾಯ ಗೋವೆಯ ನಗರದಲ್ಲಿ ಯೇಸುಸಭೆಯವರ ಸಂತ ಪೌಲರ ಕಾಲೇಜಿನಲ್ಲಿಯೂ ಡೊಮಿನಿಕನ್ ಸಭೆಯವರ ವಿದ್ಯಾಲಯದಲ್ಲಿಯೂ ಶಾಸ್ತ್ರಗಳನ್ನು ಅಭ್ಯಾಸ ಮಾಡಿ, 1676ನೆಯ ಇಸವಿಯಲ್ಲಿ ಗುರುದೀಕ್ಷೆಯನ್ನು ಹೊಂದಿದರು.

ಹೀಗೆ ಉತ್ತಮ ಕುಲ, ವಿದ್ಯೆ, ಪದವಿ ಎಂಬ ಮೂರೂ ಕೂಡಿದ ತರುಣನು ಮುಂದೆ ಏನು ಮಾಡುವನೆಂದು ಲೋಕವು ಎಣಿಸುತ್ತದೆಯೋ ಅದನ್ನು ಇವರು ಮಾಡಲಿಲ್ಲ. ದೀಕ್ಷೆಯಾದ ಸ್ವಲ್ಪ ಕಾಲದಲ್ಲಿಯೇ ಬಡವರಂತೆ ಬಾಳಬೇಕೆಂದು ಕಾಲಿನ ಪಾದರಕ್ಷೆಗಳನ್ನು ತ್ಯಜಿಸಿದರು. ಸಾಂಕ್ವಾಳೆಯಲ್ಲಿ, ಗುರುಗಳಾಗಬಯಸುವ ಹುಡುಗರಿಗೋಸ್ಕರ ಲತೀನಿನ ಶಾಲೆಯೊಂದನ್ನು ತೆರೆದರು. 1677ನೆಯ ಇಸವಿ ಆಗಸ್ಟ್ 5ನೆಯ ತಾರೀಖಿನಲ್ಲಿ ದೇವಮಾತೆಗೆ ತಮ್ಮನ್ನು ದಾಸನನ್ನಾಗಿ ಒಪ್ಪಿಸಿಕೊಂಡು ಒಂದು ದಾಸ್ಯಪತ್ರವನ್ನು ಬರೆದರು. ಜನರು ಭೂಮಿಯನ್ನು ಕ್ರಯಕ್ಕೆ ಬರೆದುಕೊಡುವಂತೆ ಇವರು ತಮ್ಮನ್ನೇ ಬರೆದುಕೊಟ್ಟರು. ದಾನದ ಲೆಕ್ಕದಲ್ಲಿ ಇದು ಇವರ ಮೊದಲನೆಯ ನಮೂದು. ವಸ್ತುವಿಗೆ ಬದಲಾಗಿ ತಾವೇ.

ಆ ಕಾಲದಲ್ಲಿ ಕನ್ನಡ ಕರಾವಳಿಯ ಕ್ರೈಸ್ತರ ಸ್ಥಿತಿಯು ಬಹಳ ಶೋಚನೀಯವಾಗಿದ್ದಿತು. ರಾಜ್ಯವನ್ನು ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮಾಜಿ. ಮೊಗಲರ ಸೇನೆಗೆ ಹೆದರದೆ, ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತ ಆ ರಾಣಿಯ ಹೆಸರನ್ನು ನಮ್ಮ ಹೆಣ್ಣುಮಕ್ಕಳು ಚರಿತ್ರೆಯ ಪಾಠದಲ್ಲಿ ಓದಿರುವರು. ತಾನು ವೀರಶೈವಳಾಗಿದ್ದರೂ ಅನ್ಯಮತದವರ ದೇವಾಲಯಕ್ಕೆ ಭೂಮಿಯನ್ನು ಕೊಟ್ಟವಳು ಆಕೆ. ಮಂಗಳೂರಿನಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು 1680ನೆಯ ಇಸವಿಯಲ್ಲಿ ಕಟ್ಟಿಸಿದ ಮಿಲಾಗ್ರಿಸ್ ದೇವಾಲಯದ ನೆಲವು ಆಕೆಯ ದಾನವೇ ಆಗಿದ್ದಿತು. ರಾಜ್ಯದ ಕಡೆಯಿಂದ ಅಡ್ಡಿಯಿರಲಿಲ್ಲ; ಕಷ್ಟವು ಕ್ರೈಸ್ತರ ಒಳಗಿನಿಂದಲೇ ಹುಟ್ಟಿದ್ದಿತು. ಗೋವೆಯ ಆರ್ಚ್‌ಬಿಷಪರ ಅಧಿಕಾರವು ಪೋರ್ತುಗಲ್ಲಿನ ಅರಸನ ಹಕ್ಕಿನಿಂದ ಬಂದುದು; ಬಿಷಪ್ ಕಾಸ್ತ್ರೊ ಅವರ ಅಧಿಕಾರವು ನೇರವಾಗಿ ರೋಮಾಪುರಿಯಿಂದ ಬಂದುದು. ಇಬ್ಬರಲ್ಲಿ ಯಾರ ಮಾತನ್ನು ಕೇಳಬೇಕೆಂಬ ವಿವಾದದಲ್ಲಿ ಊರೂರುಗಳು ಒಡೆದು, ಬಡ ಜನರು ಸಂಸ್ಕಾರಗಳಿಲ್ಲದೆ ತೊಳಲುತ್ತಿದ್ದರು.

ಹೀಗಿರಲು, 1681ನೆಯ ಇಸವಿಯಲ್ಲಿ ಗೋವೆಯವರು ಜೋಸೆಫ್ ವಾಜರನ್ನು ಕನ್ನಡ ಜಿಲ್ಲೆಯ ಮಿಷನ್ನಿಗೆ ಮುಖ್ಯಸ್ಥರನ್ನಾಗಿ ನೇಮಿಸಿ ಕಳುಹಿಸಿದರು. ಆಗ ಅವರಿಗೆ 30 ವರ್ಷ. ಪಕ್ಷವನ್ನು ಬಲಪಡಿಸಲೆಂದು ಕಳುಹಿಸಲ್ಪಟ್ಟವರು ಪಕ್ಷವನ್ನು ಹಿಡಿದು ಹೋರಾಡುವುದು ಲೋಕರೂಢಿ. ಇವರಾದರೋ ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿದ್ದುಕೊಂಡೇ ಎದುರು ಪಕ್ಷದ ವೃದ್ಧ ಬಿಷಪರನ್ನು ಗೌರವದಿಂದ ಕಂಡು, ಜನರ ಆತ್ಮಗಳಿಗೆ ಹಾನಿಯಾಗದಂತೆ ಸಮಾಧಾನವನ್ನು ಹುಡುಕಿದರು. ತನ್ನ ಮಾತೇ ಗೆಲ್ಲಬೇಕೆಂಬ ಹಠವನ್ನು ಬಿಟ್ಟುಕೊಡುವುದು ಹಣವನ್ನು ಬಿಟ್ಟುಕೊಡುವುದಕ್ಕಿಂತ ಕಠಿನವಾದ ದಾನ. ಒಂದೇ ಸಭೆಯಲ್ಲಿ ಎರಡು ಕಟ್ಟುಗಳಾಗಿ ಒಬ್ಬರ ಮುಖವನ್ನೊಬ್ಬರು ನೋಡದೆ ಹುಂಡಿಗೆ ಮಾತ್ರ ಧಾರಾಳವಾಗಿ ಹಾಕುವವರು ಈ ಸಂಗತಿಯನ್ನು ಸ್ವಲ್ಪ ಆಲೋಚಿಸಬೇಕಾಗಿದೆ.

ಮೂರು ವರ್ಷಗಳ ಕಾಲ ಅವರು ಕರಾವಳಿಯ ಉದ್ದಕ್ಕೂ ಬರಿಗಾಲಿನಲ್ಲಿ ನಡೆದರು. ಮಂಗಳೂರು, ಮುಲ್ಕಿ, ಕಲ್ಯಾಣಪುರ, ಬಾರಕೂರು, ಬಸರೂರು ಮೊದಲಾದ ಕಡೆಗಳಲ್ಲಿ ಚಿಕ್ಕ ಚಿಕ್ಕ ಶಾಲೆಗಳನ್ನು ಸ್ಥಾಪಿಸಿದರು. ಮಂಗಳೂರಿನ ರೊಸಾರಿಯೊ ದೇವಾಲಯವನ್ನು ಜೀರ್ಣೋದ್ಧಾರ ಮಾಡಿದರು. ಹೊನ್ನಾವರ, ಕುಂದಾಪುರ, ಗಂಗೊಳ್ಳಿಗಳ ಸೀಮೆಯಲ್ಲಿ ದೇವಾಲಯಗಳನ್ನು ಕಟ್ಟಿಸಿದರು. ಊರಿನ ಭಕ್ತರನ್ನು ಭ್ರಾತೃಸಂಘಗಳಾಗಿ ಕೂಡಿಸಿ, ಗುರುಗಳಿಲ್ಲದ ದಿನಗಳಲ್ಲಿಯೂ ಜಪವೂ ಪರಸ್ಪರ ಸಹಾಯವೂ ನಿಲ್ಲದಂತೆ ಏರ್ಪಡಿಸಿದರು. ಇಂದು ನಮ್ಮ ದೇವಾಲಯಗಳಲ್ಲಿ ರೋಗಿಗಳ ಮನೆಗೆ ಹೋಗುವ, ಬಡವರ ಪಟ್ಟಿಯನ್ನಿಡುವ, ಕಾಣಿಕೆಯನ್ನು ಎಣಿಸುವ ಸಂಘಗಳನ್ನು ಕಾಣುವಾಗ ಇದು ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯಲ್ಲವೆಂಬುದನ್ನು ನೆನಪಿಡಬೇಕು. ಮಂಗಳೂರಿಗೆ ಸಮೀಪದ ಮುಡಿಪು ಗುಡ್ಡದಲ್ಲಿ, ಒಂದು ರಾತ್ರಿ ರೋಗಿಯೊಬ್ಬನಿಗೆ ಸಂಸ್ಕಾರ ಕೊಡಬೇಕೆಂಬ ನೆಪದಿಂದ ಕರೆದೊಯ್ದ ವೈರಿಗಳ ನಡುವೆ ಅವರು ಊರಿದ ಕೋಲಿನಿಂದ ನೀರಿನ ಒರತೆಗಳು ಚಿಮ್ಮಿದುವೆಂದು ಹಿರಿಯರು ಹೇಳುತ್ತ ಬಂದಿರುವರು. ಅಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರಕ್ಕೆ ಯಾತ್ರಿಕರು ಇಂದಿಗೂ ಹೋಗುವರು.

1684ನೆಯ ಇಸವಿಯಲ್ಲಿ ಅವರು ಗೋವೆಗೆ ಮರಳಿದರು. ಮಾರನೆಯ ವರ್ಷ ಸೆಪ್ಟೆಂಬರ್ ತಿಂಗಳಿನಲ್ಲಿ, ಒಟ್ಟಾಗಿ ಬಾಳುತ್ತಿದ್ದ ಕೆಲವು ಮಂದಿ ದೇಶೀಯ ಗುರುಗಳನ್ನು ಸೇರಿ, ಸಂತ ಫಿಲಿಪ್ ನೇರಿಯವರ ಮಾರ್ಗವನ್ನನುಸರಿಸುವ ಒರತೊರಿಯೊ ಸಭೆಯನ್ನು ಅಲ್ಲಿ ನೆಲೆಗೊಳಿಸಿದರು; ಅವರೇ ಅದರ ಶ್ರೇಷ್ಠರಾದರು. ಆದರೆ ಅವರ ಮನಸ್ಸು ಆಗಲೇ ಸಮುದ್ರದ ಆಚೆಗಿದ್ದಿತು. 1658ನೆಯ ಇಸವಿಯಲ್ಲಿ ಡಚ್ಚರು ಸಿಂಹಳದ್ವೀಪದ ಕರಾವಳಿಯನ್ನು ಪೋರ್ತುಗೀಸರಿಂದ ಕಸಿದುಕೊಂಡ ಮೇಲೆ ಕಥೋಲಿಕ ಗುರುಗಳೆಲ್ಲರನ್ನೂ ಹೊರಗಟ್ಟಿದ್ದರು. ಅಲ್ಲಿನ ಜನರು ಸುಮಾರು ಮೂವತ್ತು ವರ್ಷಗಳಿಂದ ಗುರುಗಳ ಮುಖವನ್ನೇ ಕಾಣದೆ, ರಹಸ್ಯವಾಗಿ ಜಪ ಮಾಡುತ್ತ ದಿನ ಕಳೆಯುತ್ತಿದ್ದರು. 1686ನೆಯ ಇಸವಿಯಲ್ಲಿ ಜೋಸೆಫ್ ವಾಜರು ತಮ್ಮ ಪದವಿಯನ್ನು ಬಿಟ್ಟು, ಅವರ ಬಳಿಗೆ ಹೋಗಲು ಹೊರಟರು.

ಅವರೊಡನೆ ಕೊನೆಯವರೆಗೂ ಹೋದ ಸಂಗಾತಿ ಯಾರೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ಅವನ ಹೆಸರು ಜಾನ್. ವಾಜರ ಮನೆಯಲ್ಲಿ ಬಾಲ್ಯದಿಂದ ಸೇವಕನಾಗಿದ್ದವನು. ಅವನು ಗುರುವಲ್ಲ, ಪಂಡಿತನಲ್ಲ. ದಾಸ್ಯಪತ್ರವನ್ನು ಬರೆದವರು ಯಜಮಾನರ ಮಗ. ಹುಟ್ಟಿನಿಂದಲೇ ಸೇವೆಯ ನೊಗವನ್ನು ಹೊತ್ತವನು ಜಾನ್. ಈಗ ಇಬ್ಬರೂ ಒಂದೇ ನೊಗಕ್ಕೆ ಹೆಗಲು ಕೊಟ್ಟರು. ಮಲಯಾಳದ ಕರಾವಳಿಯನ್ನು ದಾಟಿ ತೂತ್ತುಕುಡಿಯನ್ನು ತಲಪಿದ ತರುವಾಯ, ಡಚ್ಚರ ಕಣ್ಣಿಗೆ ಬೀಳದಂತೆ ಜೋಸೆಫ್ ವಾಜರು ಗುರುಗಳ ಉಡುಪನ್ನು ಕಳಚಿ ಬಡ ಕೂಲಿಯವನ ಬಟ್ಟೆಯನ್ನು ಧರಿಸಿದರು. 1687ನೆಯ ಇಸವಿಯಲ್ಲಿ ದೋಣಿಯನ್ನೇರಿ, ಬಹು ಕಷ್ಟದಿಂದ ಜಾಫ್ನಾ ಪಟ್ಟಣವನ್ನು ಸೇರಿದರು. ಪ್ರಯಾಣದ ಕ್ಲೇಶದಿಂದ ಘೋರವಾದ ಆಮಶಂಕೆಯು ಹಿಡಿದು, ಪರದೇಶದಲ್ಲಿ ದಿಕ್ಕಿಲ್ಲದ ರೋಗಿಯಾಗಿ ಮಲಗಿದರು. ಆಗ ಅವರನ್ನು ಉಳಿಸಿದ್ದು ಪರರ ಕರುಣೆಯೂ ಜಾನನ ಶುಶ್ರೂಷೆಯೂ.

ಚೇತರಿಸಿಕೊಂಡ ಮೇಲೆ ಅವರು ಮಾಡಿದ್ದೇನು? ಕೊರಳಿನಲ್ಲಿ ಜಪಮಾಲೆಯನ್ನು ಧರಿಸಿ ಮನೆಮನೆಯ ಬಾಗಿಲಲ್ಲಿ ಭಿಕ್ಷೆಗೆ ನಿಂತರು. ಗುರುವನ್ನು ಮನೆಯೊಳಗೆ ಸೇರಿಸಿದವರಿಗೆ ಕಠಿನ ಶಿಕ್ಷೆಯಿದ್ದುದರಿಂದ, ಯಾರು ಕಥೋಲಿಕರೆಂದು ಬಾಯಿಬಿಟ್ಟು ಕೇಳುವಂತಿರಲಿಲ್ಲ. ಭಿಕ್ಷೆ ನೀಡಲು ಬಂದವರ ದೃಷ್ಟಿಯು ಆ ಜಪಮಾಲೆಯ ಮೇಲೆ ನಿಂತು ಮುಖವು ಬದಲಾಯಿತೆಂದರೆ, ಆ ಮನೆಯೊಳಗೆ ವಿಶ್ವಾಸವು ಇನ್ನೂ ಬದುಕಿದೆಯೆಂದು ಅವರು ತಿಳಿದುಕೊಳ್ಳುತ್ತಿದ್ದರು. ಹೀಗೆ ಒಂದೊಂದೇ ಕುಟುಂಬದ ಗುರುತು ಸಿಕ್ಕಿ, ಸಿಲ್ಲಾಲೆ ಎಂಬ ಗ್ರಾಮವು ಅವರಿಗೆ ನೆಲೆಯಾಯಿತು. ಹಗಲು ಭಿಕ್ಷುಕರಾಗಿಯೂ ರಾತ್ರಿ ಗುರುಗಳಾಗಿಯೂ ಇದ್ದು, ಬಲಿಪೂಜೆಯನ್ನು ಅರ್ಪಿಸಿ, ಮಕ್ಕಳಿಗೆ ಜ್ಞಾನಸ್ನಾನವಿತ್ತು, ವರ್ಷಗಟ್ಟಲೆ ಪಾಪನಿವೇದನೆಗೆ ಹಾತೊರೆದವರ ದುಃಖವನ್ನು ಕೇಳಿದರು.

ಶೃಂಗೇರಿಯ ಸೀಮೆಯಲ್ಲಿ ಬೆಳೆದ ನಮಗೆ ಭಿಕ್ಷೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಲ್ಲವನ್ನೂ ತೊರೆದ ಸಂನ್ಯಾಸಿಯು ಗೃಹಸ್ಥನ ಬಾಗಿಲಿಗೆ ಬಂದರೆ, ಕೃತಾರ್ಥನಾದವನು ಗೃಹಸ್ಥನೇ ಎಂದು ನಮ್ಮ ನೆರೆಹೊರೆಯ ಹಿಂದೂ ಸಹೋದರರು ತಲೆತಲಾಂತರದಿಂದ ನಂಬಿರುವರು. ಜೋಸೆಫ್ ವಾಜರ ಚರಿತ್ರೆಯಲ್ಲಿ ನಾವು ಕಾಣುವುದೂ ಅದಕ್ಕೆ ದೂರವಾದುದಲ್ಲ. ಕೊಡುವ ಮನೆತನದಲ್ಲಿ ಹುಟ್ಟಿದವರು ಬೇಡುವವರ ಸಾಲಿನಲ್ಲಿ ನಿಂತರು. ಮುಚ್ಚಿದ ಬಾಗಿಲು ಎಷ್ಟು ಭಾರವೆಂಬುದೂ, ಆದರದಿಂದ ನೀಡಿದ ಒಂದು ಹಿಡಿ ಅನ್ನವು ಎಷ್ಟು ಹಗುರಾಗಿ ಒಳಗಿಳಿಯುವುದೆಂಬುದೂ, ತಿರಸ್ಕಾರದಿಂದ ಎಸೆದ ನಾಣ್ಯವು ಎಲ್ಲಿ ತಾಗುವುದೆಂಬುದೂ ಬಾಗಿಲಿನ ಹೊರಗೆ ನಿಂತವನಿಗೇ ಗೊತ್ತು. ಬಡವನಿಗೆ ಕೊಡುವುದಕ್ಕೆ ಮುಂಚೆ ಅವನು ನಿಂತಿರುವ ಸ್ಥಳದಲ್ಲಿ ನಿಲ್ಲುವುದನ್ನು ಈ ಮಹಾತ್ಮರು ಕಲಿತರು. ತಪಸ್ಸುಕಾಲದ ಉಪವಾಸವು ನಮಗೆ ವಿಧಿಸಲ್ಪಟ್ಟಿರುವುದೂ ಇದೇ ಪಾಠಕ್ಕಾಗಿ ಎಂದು ನಾವು ಎಣಿಸುತ್ತೇವೆ. ಒಂದು ಹೊತ್ತಾದರೂ ಹಸಿದಿರದ ಕೈಯು ನೀಡುವ ರೀತಿಯೇ ಬೇರೆ, ಹಸಿದ ಕೈಯು ನೀಡುವ ರೀತಿಯೇ ಬೇರೆ.

1689ನೆಯ ಇಸವಿಯ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಡಚ್ಚರ ಸಿಪಾಯಿಗಳು ಪೂಜೆಗೆ ಕೂಡಿದ್ದ ಜನರ ಮೇಲೆ ಬಿದ್ದು ಅನೇಕರನ್ನು ಸೆರೆಹಿಡಿದರು. ಗುರುಗಳು ಅವರ ಕೈಗೆ ಸಿಕ್ಕಲಿಲ್ಲ. ಅಲ್ಲಿಂದ ಅವರು ಪುತ್ತಲಮಿಗೆ ಹೋಗಿ, 1692ರಲ್ಲಿ ದ್ವೀಪದ ಮಧ್ಯದಲ್ಲಿರುವ ಬೌದ್ಧ ಅರಸರ ರಾಜಧಾನಿಯಾದ ಕ್ಯಾಂಡಿಯನ್ನು ಪ್ರವೇಶಿಸಿದರು. ಪೋರ್ತುಗೀಸರ ಗೂಢಚಾರರೆಂಬ ಸುಳ್ಳು ದೂರಿನ ಮೇಲೆ ಅರಸನು ಅವರನ್ನು ಸೆರೆಯಲ್ಲಿರಿಸಿದನು. ಸೆರೆಯಲ್ಲಿಯೂ ಅವರು ಸುಮ್ಮನೆ ಕುಳಿತವರಲ್ಲ. ಸಿಂಹಳ ಭಾಷೆಯನ್ನು ಕಲಿತರು. ಕಾಲಕ್ರಮದಲ್ಲಿ ಅರಸನಾದ ಎರಡನೆಯ ವಿಮಲಧರ್ಮಸೂರ್ಯನು ಅವರ ನಡತೆಯನ್ನು ಕಂಡು ಸಂದೇಹವನ್ನು ಬಿಟ್ಟು, ತನ್ನ ರಾಜ್ಯದಲ್ಲಿ ಸಂಚರಿಸುವುದಕ್ಕೆ ಅಪ್ಪಣೆ ಕೊಟ್ಟನು. ಮಳೆಯಿಲ್ಲದೆ ನಾಡು ಬೆಂದ ಒಂದು ವರ್ಷ ಇವರ ಪ್ರಾರ್ಥನೆಯ ತರುವಾಯ ಮಳೆ ಸುರಿಯಿತೆಂಬ ಕಥೆಯು ಆ ದೇಶದಲ್ಲಿ ಪ್ರಸಿದ್ಧವಾಗಿದೆ.

ಆದರೆ ಮಳೆಯ ಅದ್ಭುತಕ್ಕಿಂತಲೂ ನಮ್ಮ ಅಂತಃಕರಣವನ್ನು ಮುಟ್ಟುವುದು 1697ನೆಯ ಇಸವಿಯ ಸಂಗತಿ. ಆ ವರ್ಷ ಕ್ಯಾಂಡಿಯಲ್ಲಿ ಸಿಡುಬಿನ ಮಾರಿಯು ಹಬ್ಬಿತು. ಅರಸನೂ ಪರಿವಾರದವರೂ ಪಟ್ಟಣವನ್ನು ಬಿಟ್ಟು ಹೋದರು. ಹೆತ್ತವರು ಮಕ್ಕಳನ್ನು, ಮಕ್ಕಳು ಹೆತ್ತವರನ್ನು ತೊರೆದು ಓಡಿದರು. ರೋಗಿಗಳು ಕಾಡಿನ ಅಂಚಿನಲ್ಲಿ, ಬೀದಿಯ ಬದಿಯಲ್ಲಿ ಬಿದ್ದಿದ್ದರು. ಜೋಸೆಫ್ ವಾಜರು ಗೋವೆಯಿಂದ ಬಂದಿದ್ದ ತಮ್ಮ ಸೋದರಳಿಯನಾದ ಜೋಸೆಫ್ ಕಾರ್ವಾಲ್ಯೊ ಎಂಬ ಗುರುವಿನೊಡನೆ ಪಟ್ಟಣದಲ್ಲಿಯೇ ಉಳಿದರು. ಬರಿದಾದ ಮನೆಗಳನ್ನು ಆಸ್ಪತ್ರೆಗಳನ್ನಾಗಿ ಮಾಡಿ, ರೋಗಿಗಳನ್ನು ಎತ್ತಿ ತಂದು ಮಲಗಿಸಿ, ತಮ್ಮ ಕೈಯಾರೆ ಹುಣ್ಣುಗಳನ್ನು ತೊಳೆದು, ಅನ್ನ ನೀರನ್ನು ಕೊಟ್ಟು, ಸತ್ತವರನ್ನು ಮಣ್ಣು ಮಾಡಿದರು. ರೋಗಿಯು ಬೌದ್ಧನೋ, ಕ್ರೈಸ್ತನೋ, ಡಚ್ಚರ ಮತದವನೋ ಎಂದು ವಿಚಾರಿಸಲಿಲ್ಲ. ಈ ಸೇವೆಯ ಖರ್ಚಿಗೆ ಅವರ ಬಳಿಯಲ್ಲಿ ನಿಧಿಯಿರಲಿಲ್ಲ. ಭಿಕ್ಷೆಯಿಂದ ಬಂದದ್ದು ಬಂದಂತೆಯೇ ರೋಗಿಗಳ ಪಾಲಾಯಿತು. ಬೇಡುವ ಕೈಯೂ ನೀಡುವ ಕೈಯೂ ಒಂದೇ ಆಗಿದ್ದಿತು. ಯೋಗ್ಯನಿಗೆ ಮಾತ್ರ ಕೊಡಬೇಕೆಂಬ ನಮ್ಮ ಲೆಕ್ಕದ ಪುಸ್ತಕಕ್ಕೆ ಆ ರೋಗಿಗಳ ಚಾವಡಿಯಲ್ಲಿ ಯಾವ ಸ್ಥಳವಿದ್ದಿತು?

1705ನೆಯ ಇಸವಿಯಲ್ಲಿ ಆ ದ್ವೀಪಕ್ಕೆ ಅವರನ್ನು ಬಿಷಪ್ ಪದವಿಗೇರಿಸುವ ಆಲೋಚನೆಯು ಬಂದಾಗ ಅವರು ಅದನ್ನು ವಿನಯದಿಂದ ನಿರಾಕರಿಸಿದರು. ಇನ್ನೂ ಆರು ವರ್ಷ ದುಡಿದು, ದೇಹವು ಸಂಪೂರ್ಣ ಸವೆದು, 1711ನೆಯ ಇಸವಿ ಜನವರಿ ತಿಂಗಳ 16ನೆಯ ತಾರೀಖಿನಲ್ಲಿ ಕ್ಯಾಂಡಿಯಲ್ಲಿ ಪರಲೋಕವನ್ನೈದಿದರು. ಆಗ ಅವರಿಗೆ 59 ವರ್ಷ. ಗೋವೆಯನ್ನು ಬಿಟ್ಟು ಹೊರಟವರು ಹುಟ್ಟೂರನ್ನು ಮತ್ತೆ ಕಾಣಲಿಲ್ಲ. 1995ನೆಯ ಇಸವಿ ಜನವರಿ 21ರಂದು ಎರಡನೆಯ ಜಾನ್ ಪಾಲ್ ಪೋಪರು ಕೊಲಂಬೊ ನಗರದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ನೆಯ ಇಸವಿ ಜನವರಿ 14ರಂದು ಅದೇ ನಗರದಲ್ಲಿ ಫ್ರಾನ್ಸಿಸ್ ಪೋಪರು ಅವರನ್ನು ಸಂತರ ಪಟ್ಟಿಗೆ ಸೇರಿಸಿದರು. ಜನವರಿ 16ನೆಯ ತಾರೀಖು ಅವರ ಹಬ್ಬ. ಅದು ಕಳೆದು ಕೆಲವು ವಾರಗಳಲ್ಲಿ ತಪಸ್ಸುಕಾಲವು ಬರುವುದು.

ಪ್ರಿಯ ಸಹೋದರಿಯರೇ, ಈ ಚರಿತ್ರೆಯನ್ನು ಓದಿ ಪುಸ್ತಕವನ್ನು ಮುಚ್ಚುವುದು ಸುಲಭ. ಸಿಂಹಳದ್ವೀಪಕ್ಕೆ ಹೋಗಿರೆಂದು ನಾವು ಯಾರನ್ನೂ ಕೇಳುತ್ತಿಲ್ಲ. ಆದರೆ ನಿಮ್ಮ ಮನೆಯ ಅಂಗಳಕ್ಕೇ ಬರುವವರು ಉಂಟು. ಕಾಫಿಯ ಕೊಯ್ಲು ಮುಗಿದ ಮೇಲೆ ಕೆಲಸವಿಲ್ಲದೆ ಕುಳಿತ ಕೂಲಿಯ ಹೆಂಗಸು, ಮಗುವಿನ ಜ್ವರಕ್ಕೆ ಔಷಧಿಯ ಚೀಟಿಯನ್ನು ಕೈಯಲ್ಲಿ ಹಿಡಿದು ನಿಂತ ತಾಯಿ, ಮಕ್ಕಳು ಪಟ್ಟಣ ಸೇರಿ ಒಂಟಿಯಾದ ಮುದುಕ, ಇವರು ದೂರದವರಲ್ಲ. ಇವರಿಗೆ ಹಣವನ್ನು ಕೊಡುವುದು ಒಳ್ಳೆಯದು. ಅದಕ್ಕೆ ಮುಂಚೆ ಅವರನ್ನು ಒಳಗೆ ಕರೆದು ಮಣೆಯ ಮೇಲೆ ಕುಳ್ಳಿರಿಸಿ ಹೆಸರನ್ನು ಕೇಳುವುದು ಇನ್ನೂ ಒಳ್ಳೆಯದು. ಮಾತುಬಿಟ್ಟ ಅಕ್ಕನ ಅಥವಾ ಓರಗಿತ್ತಿಯ ಮನೆಯ ಮೆಟ್ಟಿಲನ್ನು ಈ 40 ದಿನಗಳಲ್ಲಿ ಒಮ್ಮೆ ಹತ್ತುವುದೂ ದಾನವೇ. ಕನ್ನಡ ಜಿಲ್ಲೆಯಲ್ಲಿ ಜೋಸೆಫ್ ವಾಜರು ಮಾಡಿದ ಮೊದಲನೆಯ ದಾನವು ಅದೇ ಅಲ್ಲವೇ?

ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆಯುಂಟು. ಮಕ್ಕಳ ಕೈಯಲ್ಲಿ ಹುಂಡಿಗೆ ಹಾಕುವ ನಾಣ್ಯವನ್ನು ಕೊಡುವಾಗ ಅದು ನಿಮ್ಮ ಜೇಬಿನಿಂದ ಬಂದದ್ದಾಗಿರದೆ, ಮಗುವು ತಾನೇ ಬಿಟ್ಟ ಮಿಠಾಯಿಯಿಂದಲೋ ತಾನೇ ನಡೆದು ಉಳಿಸಿದ ಬಸ್ಸಿನ ಹಣದಿಂದಲೋ ಬಂದದ್ದಾಗಿರಲಿ. ಸುವಾರ್ತೆಯ ಬಡ ವಿಧವೆಯ ಎರಡು ಕಾಸುಗಳು ದೊಡ್ಡವೆನಿಸಿದ್ದು ಅವು ಅವಳವೇ ಆಗಿದ್ದುದರಿಂದ.

ಕೊನೆಯದಾಗಿ ಜಾನನನ್ನು ಮರೆಯಬಾರದು. ಅವನ ಹೆಸರಿನ ದೇವಾಲಯವನ್ನು ನಾವು ಕಂಡಿಲ್ಲ. ಆದರೆ ಅಪರಿಚಿತ ನಾಡಿನಲ್ಲಿ ರೋಗದಿಂದ ಮಲಗಿದ ಸಂತನ ಬಾಯಿಗೆ ನೀರು ಹಾಕಿದ ಕೈ ಅವನದು. ನಮ್ಮ ಮನೆಗಳಲ್ಲಿಯೂ ತೋಟಗಳಲ್ಲಿಯೂ ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ, ಯಾವ ಸಂಚಿಕೆಯಲ್ಲಿಯೂ ಹೆಸರು ಅಚ್ಚಾಗದ ಕೈಗಳು ಎಷ್ಟಿಲ್ಲ? ಬರುವ ವಿಭೂತಿ ಬುಧವಾರದಂದು ಹಣೆಯಲ್ಲಿ ಬೂದಿಯನ್ನು ಧರಿಸುವಾಗ ಆ ಕೈಗಳನ್ನೂ ನೆನೆಯೋಣ. ಹೂಮಳೆಯು ತನ್ನ ಕಾಲದಲ್ಲಿ ಬರಲಿ. ಅದಕ್ಕೆ ಮುಂಚೆ ನಮ್ಮ ಬಾಗಿಲುಗಳು ತೆರೆದಿರಲಿ.